ಮಣ್ಣು ಒದ್ದೆ ಇದೆ, ಕಾಫಿ ಸಸಿ ಮಾತ್ರ ಬಾಡುತ್ತಿದೆ. ಯಾಕೆ?

ಸುಂಟಿಕೊಪ್ಪ ಸಸಿಮಡಿ | ಮಾರ್ಚ್ 9, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ನಮ್ಮದು 7 ಎಕರೆ ರೋಬಸ್ಟಾ. ತೋಟದಲ್ಲಿ ಗಿಡ ಸತ್ತ ಜಾಗಕ್ಕೆ ಹಾಕೋಣ ಅಂತ ಕಳೆದ ವರ್ಷ ಮನೆ ಹಿಂದೆ 1,200 ಚೀಲ ಸಸಿ ಮಾಡಿದ್ದೆ. ಈ ಜೂನ್‌ನಲ್ಲಿ ನೆಡಬೇಕು. ಹೋದ ತಿಂಗಳವರೆಗೂ ಒಳ್ಳೇ ಹಸಿರಾಗಿದ್ದವು.

ಈಗ ಒಂದು ವಾರದಿಂದ ತಲೆನೋವು. ಬೆಳಗ್ಗೆ ನೋಡಿದರೆ ಸಸಿ ನೆಟ್ಟಗೆ ನಿಂತಿರುತ್ತದೆ. 11 ಗಂಟೆ ಹೊತ್ತಿಗೆ ಎಲೆ ಜೋತು ಬೀಳುತ್ತದೆ. ನೀರು ಸಾಲದೇನೋ ಅಂತ ಬೆರಳು ಹಾಕಿ ನೋಡಿದರೆ ಮಣ್ಣು ಒದ್ದೆಯೇ ಇದೆ. ಹಳೇ ಎಲೆಗಳ ಅಂಚು ಬೀಡಿ ತಾಗಿಸಿದ ಹಾಗೆ ಸುಟ್ಟಿದೆ. ಹೊಸ ಚಿಗುರು ಸಣ್ಣಗೆ, ಕಪ್ಪು ಹಸಿರು.

ರೋಗ ಅಂತ ಔಷಧಿ ಹೊಡೆಯಲಾ? ಅಥವಾ ಶಕ್ತಿ ಸಾಲದೆ ಹೀಗಾಗಿದೆ ಅಂತ ಇನ್ನೊಂದು ಸುತ್ತು ಗೊಬ್ಬರ ಕೊಡಲಾ? ಮಾವ ಗೊಬ್ಬರ ಕೊಡು ಅನ್ನುತ್ತಿದ್ದಾರೆ.

ಗೋಣಿಕೊಪ್ಪ ರೋಬಸ್ಟಾ | ಮಾರ್ಚ್ 9, ರಾತ್ರಿ 9:15

ಬೇರಿನಲ್ಲಿ ನೆಮಟೋಡ್, ಅಂದರೆ ಬೇರು ತಿನ್ನುವ ಸಣ್ಣ ಹುಳ, ಇರಬೇಕು ಅಣ್ಣ. ಕಾಡುಮಣ್ಣು ಸರಿಯಾಗಿ ಬಿಸಿಲಿಗೆ ಹಾಕದೆ ತುಂಬಿದರೆ ಹೀಗೇ ಆಗುವುದು.

ನಾಪೋಕ್ಲು ಮೆಣಸಿನಬಳ್ಳಿ | ಮಾರ್ಚ್ 9, ರಾತ್ರಿ 9:32

ಔಷಧಿ ಆಮೇಲೆ ಹೊಡೆಯಿರಿ. ಮೊದಲು ಎರಡು ಸಸಿ ಚೀಲ ಹರಿದು, ಬೇರನ್ನು ಬಕೆಟ್ ನೀರಿನಲ್ಲಿ ಅಲ್ಲಾಡಿಸಿ ತೊಳೆದು ಫೋಟೋ ಹಾಕಿ. ಗಂಟು ಇದ್ದರೆ ನೆಮಟೋಡ್. ಕೊಳೆತು ಸಿಪ್ಪೆ ಬಿಡುತ್ತಿದ್ದರೆ ನೀರು ನಿಂತಿದೆ ಅಂತ. ಎರಡೂ ಇಲ್ಲದಿದ್ದರೆ ಬೇರೆ ಮಾತಾಡೋಣ.

ಇನ್ನೊಂದು ವಿಷಯ. ಕಳೆದ ಒಂದು ತಿಂಗಳಲ್ಲಿ ಚೀಲಕ್ಕೆ ಏನೇನು ಹಾಕಿದ್ದೀರಿ? ಒಂದೂ ಬಿಡದೆ ಬರೆಯಿರಿ.

ಸುಂಟಿಕೊಪ್ಪ ಸಸಿಮಡಿ | ಮಾರ್ಚ್ 10, ಬೆಳಗ್ಗೆ 7:50

ಬೇರು ತೊಳೆದೆ ಅಕ್ಕ. ಗಂಟು ಇಲ್ಲ, ಕೊಳೆತ ವಾಸನೆಯೂ ಇಲ್ಲ. ಆದರೆ ಬಿಳಿ ತುದಿಗಳೇ ಇಲ್ಲ. ಎಲ್ಲ ಕಂದು ಬಣ್ಣವಾಗಿ, ತುದಿ ಮೊಂಡಾಗಿವೆ.

ಹಾಕಿದ್ದು: ಫೆಬ್ರವರಿ ಮೊದಲ ವಾರ ಯೂರಿಯಾ ನೀರು. ಆಮೇಲೆ ಕೋಳಿ ಗೊಬ್ಬರ ಒಂದು ಹಿಡಿ. ಫೆಬ್ರವರಿ ಕೊನೆಗೆ ಪೊಟ್ಯಾಷ್, ಆ ಕೆಂಪು ಹರಳಿನದು, ಚೀಲಕ್ಕೆ ಒಂದು ಟೀ ಚಮಚ. ಬೇಸಿಗೆಯ ಬಿಸಿಲು ತಡೆಯಲು ಪೊಟ್ಯಾಷ್ ಒಳ್ಳೇದು ಅಂತ ಅಂಗಡಿಯಲ್ಲಿ ಹೇಳಿದ್ದರು. ದಿನಾ ಸಂಜೆ ರೋಸ್ ಕ್ಯಾನ್‌ನಲ್ಲಿ ಸ್ವಲ್ಪ ಸ್ವಲ್ಪ ನೀರು.

ಈಗ ನೀವು ಕೇಳಿದ ಮೇಲೆ ಗಮನಿಸಿದೆ. ಚೀಲದ ಬಾಯಿಯ ಸುತ್ತ ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದೆ. ಬೂಷ್ಟು ಅಂದುಕೊಂಡಿದ್ದೆ. ಉಗುರಿನಿಂದ ಕೆರೆದರೆ ಪರಪರ ಅನ್ನುತ್ತದೆ.

ನಾಪೋಕ್ಲು ಮೆಣಸಿನಬಳ್ಳಿ | ಮಾರ್ಚ್ 10, ಬೆಳಗ್ಗೆ 8:05

ಸಿಕ್ಕಿತು. ಒಂದು ಟೀ ಚಮಚ! ಗೊಬ್ಬರದ ಮಾತು ಮಾವನ ಹತ್ತಿರ ಸದ್ಯಕ್ಕೆ ಎತ್ತಲೇ ಬೇಡಿ. ಮೇಷ್ಟ್ರು ಬಂದರೆ ಸರಿಯಾಗಿ ವಿವರಿಸುತ್ತಾರೆ.

ವಿರಾಜಪೇಟೆ ನಿವೃತ್ತ ಮೇಷ್ಟ್ರು | ಮಾರ್ಚ್ 10, ಬೆಳಗ್ಗೆ 10:20

ಬಂದೆ. ಕರೆಂಟ್ ಇರಲಿಲ್ಲ.

ಮಳೆಗಾಲದಲ್ಲಿ ತೋಟದಿಂದ ಬಂದು ಪ್ಯಾಂಟ್ ಮಡಚಿದರೆ ಜಿಗಣೆ. ಏನು ಮಾಡುತ್ತೀರಿ? ಒಂದು ಚಿಟಿಕೆ ಉಪ್ಪು ಹಾಕುತ್ತೀರಿ. ಅದು ಮುದುಡಿ, ನೀರು ಬಿಟ್ಟು, ಉದುರುತ್ತದೆ. ಉಪ್ಪು ಅದನ್ನು ಸುಡುವುದಿಲ್ಲ. ಅದರ ಮೈಯ ನೀರು ತೆಳುವಾದ ಚರ್ಮ ದಾಟಿ ಉಪ್ಪಿನ ಕಡೆಗೆ ಹೋಗುತ್ತದೆ, ಅಷ್ಟೇ. ನಿಮ್ಮ 1,200 ಸಸಿಯ ಬೇರುಗಳಿಗೆ ಈಗ ಆಗುತ್ತಿರುವುದು ಹೆಚ್ಚು ಕಡಿಮೆ ಇದೇ.

ಬೇರಿಗೆ ಬಾಯಿಯೂ ಇಲ್ಲ, ಪಂಪೂ ಇಲ್ಲ. ಬೇರಿನ ಕೂದಲಿನೊಳಗೆ ಸಕ್ಕರೆ, ಆಮ್ಲ, ಲವಣ ಎಲ್ಲ ಕರಗಿದ ಒಂದು ರಸ ಇರುತ್ತದೆ. ಹೊರಗಿನ ಮಣ್ಣಿನ ನೀರು ಅದಕ್ಕಿಂತ ತೆಳು. ನೀರು ತೆಳು ಇರುವ ಕಡೆಯಿಂದ ಮಂದ ಇರುವ ಕಡೆಗೆ ಪೊರೆ ದಾಟಿ ಹೋಗುತ್ತದೆ. ಶಾಲೆಯಲ್ಲಿ ಪರಾಸರಣ (ಆಸ್ಮೋಸಿಸ್) ಅಂತ ಓದಿ ಮರೆತಿದ್ದೀರಲ್ಲ, ಅದು. ಮೇಲೆ ಎಲೆಯಿಂದ ಆವಿ ಹೋಗುತ್ತಿದ್ದ ಹಾಗೆ ಇಡೀ ನೀರಿನ ದಾರ ಕೆಳಗಿನಿಂದ ಎಳೆದುಕೊಳ್ಳುತ್ತದೆ. ಎಳೆತ ಎಲೆಯದು. ಒಳಗೆ ಬರುವ ಬಾಗಿಲು ಬೇರಿನದು.

ಈಗ ಮಣ್ಣಿನ ನೀರಿನಲ್ಲೇ ಪೊಟ್ಯಾಷ್ ಕರಗಿ ಅದು ಮಂದವಾಯಿತು ಅಂತಿಟ್ಟುಕೊಳ್ಳಿ. ಒಳಗೂ ಮಂದ, ಹೊರಗೂ ಮಂದ. ನೀರಿಗೆ ಒಳಗೆ ಹೋಗಲು ಕಾರಣವೇ ಇಲ್ಲ. ಹೊರಗೆ ಇನ್ನೂ ಮಂದವಾದರೆ ಬೇರಿನೊಳಗಿದ್ದ ನೀರೇ ಹೊರಗೆ ಹೊರಡುತ್ತದೆ. ನಿಮ್ಮ ಬೆರಳಿಗೆ ಮಣ್ಣು ಒದ್ದೆ, ಬೇರಿಗೆ ಅದು ಒಣಮಣ್ಣು.

ರಾತ್ರಿ ಎಲೆಯಿಂದ ಆವಿ ಹೋಗುವುದು ಕಡಿಮೆ. ಬೇರು ಕಷ್ಟಪಟ್ಟು ತಂದ ಅಷ್ಟಿಷ್ಟು ನೀರೂ ಆಗ ಸಾಕಾಗುತ್ತದೆ. ಅದಕ್ಕೇ ಬೆಳಗ್ಗೆ ನೆಟ್ಟಗೆ, 11ಕ್ಕೆ ಜೋಲು. ಎಲೆಯ ಅಂಚೇ ಮೊದಲು ಸುಡುವುದಕ್ಕೂ ಕಾರಣ ಇದೆ. ನೀರಿನ ಜೊತೆ ಬಂದ ಲವಣ ಎಲೆಯ ಅಂಚಿನವರೆಗೆ ಹೋಗುತ್ತದೆ. ಅಲ್ಲಿ ನೀರು ಹಾರಿಹೋಗುತ್ತದೆ, ಲವಣ ಉಳಿಯುತ್ತದೆ.

ಗೋಣಿಕೊಪ್ಪ ರೋಬಸ್ಟಾ | ಮಾರ್ಚ್ 10, ಮಧ್ಯಾಹ್ನ 1:10

ಮೇಷ್ಟ್ರೇ, ಪಾಠ ಚೆನ್ನಾಗಿದೆ. ಆದರೆ ಕೊಡಗಿನಲ್ಲಿ ಮಣ್ಣಿಗೆ ಉಪ್ಪು ಕೂರುವುದು ಅಂದರೆ ನಂಬುವುದು ಹೇಗೆ? ನಮ್ಮ ಮಳೆಗೆ ಸುಣ್ಣವೇ ನಿಲ್ಲುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಸುಣ್ಣ ಹಾಕಿ ಹಾಕಿ ಸಾಕಾಗಿದೆ. ತೋಟದಲ್ಲಿ ನಾನು ಗಿಡಕ್ಕೆ ಇವರು ಹಾಕಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಪೊಟ್ಯಾಷ್ ಹಾಕುತ್ತೇನೆ. ಒಂದು ಎಲೆಯೂ ಬಾಡಿಲ್ಲ.

ವಿರಾಜಪೇಟೆ ನಿವೃತ್ತ ಮೇಷ್ಟ್ರು | ಮಾರ್ಚ್ 10, ಮಧ್ಯಾಹ್ನ 3:45

ನೀವು ಹೇಳಿದ್ದು ತೋಟಕ್ಕೆ ನಿಜ. ನಮ್ಮ ಇಳಿಜಾರಿನ ಕೆಂಪು ಮಣ್ಣಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಕರಗುವ ಲವಣ ನಿಲ್ಲುವುದಿಲ್ಲ. ಅದಕ್ಕೇ ಮಣ್ಣು ಹುಳಿ. ಆದರೆ ಚೀಲ ತೋಟ ಅಲ್ಲ. ಮೇಲೆ ನೆರಳು ಬಲೆ ಅಥವಾ ಪ್ಲಾಸ್ಟಿಕ್ ಸೂರು. ಕೆಳಗೆ ನಾಲ್ಕು ತೂತು, ಅದರಲ್ಲೂ ಎರಡು ಮುಚ್ಚಿಹೋಗಿರುತ್ತವೆ. ಹಾಕಿದ್ದು ಅಲ್ಲೇ ಇರುತ್ತದೆ. ರೋಸ್ ಕ್ಯಾನ್‌ನಲ್ಲಿ ದಿನಾ ಸ್ವಲ್ಪ ಕೊಟ್ಟರೆ ನೀರು ಆವಿಯಾಗುತ್ತದೆ, ಲವಣ ಮೇಲಕ್ಕೆ ಬಂದು ಕೂರುತ್ತದೆ. ಆ ಬಿಳಿ ಪುಡಿ ಅದೇ.

ಲೆಕ್ಕ ಹಾಕೋಣ. 6 ಇಂಚು, 9 ಇಂಚಿನ ಚೀಲದಲ್ಲಿ ಸುಮಾರು ಒಂದೂಕಾಲು ಕಿಲೋ ಮಣ್ಣು. ಅದರಲ್ಲಿ ಐದನೇ ಒಂದು ಭಾಗ ನೀರು ಅಂದರೆ 250 ಮಿಲಿ, ಒಂದು ದೊಡ್ಡ ಲೋಟ. ಆ ಒಂದು ಲೋಟ ನೀರಿಗೆ 5 ಗ್ರಾಂ ಪೊಟ್ಯಾಷ್. ಪೂರ್ತಿ ಕರಗಿದರೆ ಅದರ ಪರಾಸರಣ ಒತ್ತಡ ಸುಮಾರು 13 ಬಾರ್. ಕಾರಿನ ಟೈರಿನಲ್ಲಿ ಇರುವುದು 2 ಬಾರ್ ಚಿಲ್ಲರೆ. ಒಣಗುತ್ತಿರುವ ಮಣ್ಣಿನಲ್ಲಿ ಗಿಡ ಇನ್ನು ಆಗುವುದಿಲ್ಲ ಅಂತ ಪೂರ್ತಿ ಬಾಡಿಹೋಗುವ ಮಟ್ಟವನ್ನು 15 ಬಾರ್ ಅಂತ ಹಿಡಿಯುತ್ತಾರೆ. ಒಂದು ಟೀ ಚಮಚ ನಿಮ್ಮ ಸಸಿಯನ್ನು ಅದರ ಹತ್ತಿರಕ್ಕೆ ಒಯ್ದಿದೆ. ಯೂರಿಯಾ, ಕೋಳಿ ಗೊಬ್ಬರ ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಕುಶಾಲನಗರ ಶುಂಠಿ | ಮಾರ್ಚ್ 10, ಸಂಜೆ 6:30

ಎಲ್ಲ ಗೊಬ್ಬರವೂ ಹೀಗೇನಾ? ನಾವು ಶುಂಠಿಗೆ ಮೂಟೆಗಟ್ಟಲೆ ಸುರಿಯುತ್ತೇವೆ.

ವಿರಾಜಪೇಟೆ ನಿವೃತ್ತ ಮೇಷ್ಟ್ರು | ಮಾರ್ಚ್ 10, ಸಂಜೆ 7:15

ಇಲ್ಲ, ತುಂಬಾ ವ್ಯತ್ಯಾಸ ಇದೆ. ಗೊಬ್ಬರ ಮಣ್ಣಿನ ನೀರನ್ನು ಎಷ್ಟು ಮಂದ ಮಾಡುತ್ತದೆ ಅನ್ನುವುದಕ್ಕೆ ಲವಣ ಸೂಚ್ಯಂಕ ಅಂತ ಒಂದು ಅಳತೆ ಇದೆ. ಸೋಡಿಯಂ ನೈಟ್ರೇಟ್‌ಗೆ 100 ಅಂತ ಇಟ್ಟು ಉಳಿದದ್ದನ್ನು ಹೋಲಿಸುತ್ತಾರೆ. ನಮ್ಮ ಕೆಂಪು ಪೊಟ್ಯಾಷ್, ಅಂದರೆ ಎಂಒಪಿ, ಸುಮಾರು 116. ಯೂರಿಯಾ 75. ಸಲ್ಫೇಟ್ ಆಫ್ ಪೊಟ್ಯಾಷ್ 46. ಸಿಂಗಲ್ ಸೂಪರ್ ಫಾಸ್ಫೇಟ್ ಬರೀ 8. ಅಂಗಡಿಯ ಕೆಂಪು ಹರಳು ಈ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ.

ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಎಲೆಯ ಕೆಳಗಿನ ಸಣ್ಣ ಬಾಯಿಗಳು, ಪತ್ರರಂಧ್ರಗಳು, ತೆರೆದು ಮುಚ್ಚುವುದು ಪೊಟ್ಯಾಷಿಯಂ ಒಳಗೆ ಹೊರಗೆ ಓಡಾಡುವುದರಿಂದಲೇ. ಪೊಟ್ಯಾಷ್ ಕೊರತೆ ಇರುವ ಗಿಡ ಬಿಸಿಲಿನಲ್ಲಿ ನೀರು ಹಿಡಿದುಕೊಳ್ಳಲಾರದು. ಅದಕ್ಕೆ ಸ್ವಲ್ಪ ಕೊಟ್ಟರೆ ಬಿಸಿಲು ತಡೆಯುತ್ತದೆ. ಚಮಚದಲ್ಲಿ ಕೊಟ್ಟರೆ ಬಾಯಿಗೆ ಬರಬೇಕಾದ ನೀರನ್ನು ಬೇರಿನಲ್ಲೇ ತಡೆಯುತ್ತದೆ. ಜೊತೆಗೆ ಪೊಟ್ಯಾಷ್ ಜಾಸ್ತಿಯಾದರೆ ಮೆಗ್ನೀಷಿಯಂ, ಕ್ಯಾಲ್ಸಿಯಂ ಒಳಗೆ ಬರುವುದಕ್ಕೂ ಅಡ್ಡ.

ಸುಂಟಿಕೊಪ್ಪ ಸಸಿಮಡಿ | ಮಾರ್ಚ್ 11, ಸಂಜೆ 5:20

ಇವತ್ತು ಒಂದು ವಿಚಿತ್ರ. ನಿನ್ನೆ ರಾತ್ರಿ ಇಲ್ಲಿ 12 ಸೆಂಟ್ (ನೂರು ಸೆಂಟ್ ಅಂದರೆ ಒಂದು ಇಂಚು) ಮಳೆ ಬಿತ್ತು. (ಎರಡು ಕಿಲೋಮೀಟರ್ ಆಚೆ 80 ಸೆಂಟ್. ಅವರ ಕಾಫಿ ಹೂವಿಗೆ ಸರಿಯಾಯಿತು, ನಮಗೆ ಸ್ಪ್ರಿಂಕ್ಲರ್ ಡೀಸೆಲ್ ಖರ್ಚು ತಪ್ಪಲಿಲ್ಲ.) ಬಲೆಯ ಹೊರಗೆ ಅಂಚಿನಲ್ಲಿ ಒಂದು ಸಾಲು ಚೀಲ ಇದ್ದವು. ಮಳೆ ಬಿದ್ದದ್ದು ಅವಕ್ಕೆ ಮಾತ್ರ. ಸುಧಾರಿಸಬಹುದು ಅಂದುಕೊಂಡರೆ ಇವತ್ತು ಅವೇ ಎಲ್ಲಕ್ಕಿಂತ ಜಾಸ್ತಿ ಬಾಡಿವೆ. ಸಂಜೆಯಾದರೂ ಎದ್ದಿಲ್ಲ. ಮಳೆಗೆ ಲವಣ ನಿಲ್ಲುವುದಿಲ್ಲ ಅಂದಿರಲ್ಲ ಮೇಷ್ಟ್ರೇ?

ತುಂಗಭದ್ರಾ ಸೊಸೆ | ಮಾರ್ಚ್ 11, ಸಂಜೆ 6:05

ಇದು ನನಗೆ ಗೊತ್ತು! ನನ್ನ ತವರು ಸಿಂಧನೂರು ಕಡೆ, ಮದುವೆಯಾಗಿ ಸೋಮವಾರಪೇಟೆಗೆ ಬಂದವಳು. ನಮ್ಮ ಕಡೆ ಇದಕ್ಕೆ ಸವಳು ಅಂತಾರೆ. ಬೇಸಿಗೆಯಲ್ಲಿ ಹೊಲದ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಕಾಣುತ್ತದೆ. ಆಮೇಲೆ ಒಂದು ಹನಿ ಮಳೆ ಬಂದರೆ ಅಪ್ಪ ಸಿಟ್ಟಾಗುತ್ತಿದ್ದರು. ಬಂದರೆ ದಬದಬ ಬರಬೇಕು, ಇಲ್ಲದಿದ್ದರೆ ಬರಲೇಬಾರದು ಅಂತಿದ್ದರು. ಸಣ್ಣ ಮಳೆ ಮೇಲಿನ ಉಪ್ಪನ್ನೆಲ್ಲ ಕರಗಿಸಿ ಬೇರಿನ ಹತ್ತಿರಕ್ಕೆ ಇಳಿಸಿ ಅಲ್ಲೇ ಬಿಡುತ್ತದೆ. ಕೆಳಗೆ ಒಯ್ಯುವಷ್ಟು ಶಕ್ತಿ ಅದಕ್ಕಿಲ್ಲ.

ನಮ್ಮಲ್ಲಿ ಕಾಲುವೆ ಬಂದ ಮೇಲೆ ಆದದ್ದು ಇದು. ವರ್ಷಕ್ಕೆರಡು ಭತ್ತ, ನೀರು ಹೊರಗೆ ಹೋಗಲು ದಾರಿ ಇಲ್ಲ. ನೆಲದೊಳಗಿನ ನೀರು ಮೇಲೆ ಬಂತು, ಜೊತೆಗೆ ಉಪ್ಪೂ ಬಂತು. ಜೌಗು ಜಾಗಕ್ಕೆ ಜವಳು, ಉಪ್ಪಿನ ಜಾಗಕ್ಕೆ ಸವಳು. ಎರಡೂ ಜೋಡಿಯಾಗಿಯೇ ಬರುವುದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೇ ಕೆಲಸ ಮಾಡುತ್ತಾರೆ. ನೆಲದಡಿ ತೂತಿನ ಪೈಪ್ ಹಾಕಿ ಉಪ್ಪುನೀರು ಹೊರಗೆ ಬಿಡುವುದನ್ನು ನಾನು ಅಲ್ಲಿ ನೋಡಿದ್ದೇನೆ.

ವಿರಾಜಪೇಟೆ ನಿವೃತ್ತ ಮೇಷ್ಟ್ರು | ಮಾರ್ಚ್ 11, ರಾತ್ರಿ 8:00

ನಿಮ್ಮ ಅಪ್ಪ ಹೇಳಿದ್ದಕ್ಕೆ ನಾನು ಸೇರಿಸುವುದು ಏನೂ ಇಲ್ಲ ತಾಯಿ.

ಸುಂಟಿಕೊಪ್ಪದವರೇ, ಈಗ ಮಾಡಬೇಕಾದ್ದು. ಮೇಲಿನ ಬಿಳಿ ಪದರವನ್ನು ಅರ್ಧ ಇಂಚು ಮಣ್ಣಿನ ಸಮೇತ ಕೆರೆದು ತೆಗೆಯಿರಿ. ಅದನ್ನು ಸಸಿಮಡಿಯ ಹತ್ತಿರ ಸುರಿಯಬೇಡಿ, ತೋಟಕ್ಕೆ ತೆಳ್ಳಗೆ ಎರಚಿ. ಚೀಲದ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಆಮೇಲೆ ಒಂದೊಂದು ಚೀಲಕ್ಕೂ ಎರಡೂವರೆ ಲೀಟರ್ ನೀರು. ಒಂದೇ ಸಲ ಸುರಿದರೆ ಬದಿಯಿಂದ ಇಳಿದು ಹೋಗುತ್ತದೆ. ಅರ್ಧರ್ಧ ಲೀಟರ್ ಹಾಕಿ, ಇಳಿಯಲು ಬಿಟ್ಟು, ಮತ್ತೆ ಹಾಕಿ. ಕೆಳಗಿನಿಂದ ನೀರು ಹರಿದು ಹೊರಗೆ ಹೋಗಬೇಕು. ಚೀಲಗಳ ಬುಡದಲ್ಲೇ ನಿಂತರೆ ಪ್ರಯೋಜನ ಇಲ್ಲ, ಹಲಗೆಯ ಮೇಲೆ ಎತ್ತಿಡಿ. ಎರಡು ದಿನ ಬಿಟ್ಟು ಇನ್ನೊಮ್ಮೆ. ಬಾಡಿದ ಸಸಿಗಳಿಗೆ ಹತ್ತು ದಿನ ನೆರಳು ಜಾಸ್ತಿ ಮಾಡಿ. ಆವಿ ಕಡಿಮೆಯಾದರೆ ಬೇರಿನ ಮೇಲೆ ಒತ್ತಡ ಕಡಿಮೆ.

ಬೇರು ಕೊಳೆತಿದ್ದರೆ ಈ ಸಲಹೆ ಕೊಡುತ್ತಿರಲಿಲ್ಲ. ನೀವು ತೊಳೆದು ನೋಡಿದ್ದೀರಿ, ಅದಕ್ಕೆ ಧೈರ್ಯವಾಗಿ ಹೇಳುತ್ತಿದ್ದೇನೆ.

ಗೋಣಿಕೊಪ್ಪ ರೋಬಸ್ಟಾ | ಮಾರ್ಚ್ 11, ರಾತ್ರಿ 9:10

ಸಾವಿರದ ಇನ್ನೂರು ಚೀಲಕ್ಕೆ ಎರಡೂವರೆ ಲೀಟರ್ ಅಂದರೆ 3,000 ಲೀಟರ್. ಮಾರ್ಚ್‌ನಲ್ಲಿ! ನೆಮಟೋಡ್ ಆಗಿದ್ದರೇ ಖರ್ಚು ಕಡಿಮೆ ಇತ್ತು ನೋಡಿ.

ಇರಲಿ, ಸುಮ್ನೆ ಹೇಳಿದೆ. ನೀರಿನಲ್ಲಿ ಎಷ್ಟು ಲವಣ ಕರಗಿದೆ ಅಂತ ತೋರಿಸುವ ಇಸಿ ಮೀಟರ್ ನನ್ನ ಹತ್ತಿರ ಇದೆ, ಪೆನ್ ತರಹದ್ದು. ನಾಳೆ ಆ ಕಡೆ ಬರುತ್ತೇನೆ. ಅಳೆದೇ ನೋಡೋಣ.

ಮಡಿಕೇರಿಯ ಕುಮಟಾದವ | ಮಾರ್ಚ್ 11, ರಾತ್ರಿ 10:40

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮೂರಲ್ಲಿ ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಸಮುದ್ರದ ನೀರು ಒಳಗೆ ಬಂದು ಹೋಗುವ ಜಾಗ. ಅದಕ್ಕೆ ಯಾಕೆ ಏನೂ ಆಗುವುದಿಲ್ಲ?

ವಿರಾಜಪೇಟೆ ನಿವೃತ್ತ ಮೇಷ್ಟ್ರು | ಮಾರ್ಚ್ 12, ಬೆಳಗ್ಗೆ 6:30

ಒಳ್ಳೇ ಪ್ರಶ್ನೆ. ಏನೂ ಆಗುವುದಿಲ್ಲ ಅಂತಲ್ಲ, ಅದು ತಡೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪು ತೊಳೆದು ಹೋದ ಮೇಲೆಯೇ ಬಿತ್ತನೆ ಅಲ್ವಾ? ಉಳಿದ ಉಪ್ಪಿನ ವಿರುದ್ಧ ಇಂಥ ಗಿಡಗಳು ತಮ್ಮ ರಸವನ್ನೇ ಇನ್ನಷ್ಟು ಮಂದ ಮಾಡಿಕೊಳ್ಳುತ್ತವೆ. ಹೊರಗಿಗಿಂತ ಒಳಗೆ ಮಂದ ಇದ್ದರೆ ನೀರು ಮತ್ತೆ ಒಳಗೆ ಬರುತ್ತದೆ. ಆದರೆ ಅದಕ್ಕೆ ಸಕ್ಕರೆ ಖರ್ಚು. ಬೆಳೆಯಲು ಬಳಸಬೇಕಾದ್ದನ್ನು ಬಾಗಿಲು ಕಾಯಲು ಬಳಸಬೇಕು. ಉಪ್ಪುನೀರಿನಲ್ಲೇ ಬೆಳೆಯುವ ನಿಮ್ಮ ಕಾಂಡ್ಲಾ ಮರಗಳು ಇನ್ನೂ ಜಾಣ. ಬಹುಪಾಲು ಉಪ್ಪನ್ನು ಬೇರಿನಲ್ಲೇ ತಡೆಯುತ್ತವೆ. ಕೆಲವು ಜಾತಿಗಳು ಎಲೆಯ ಮೇಲೆ ಉಪ್ಪಿನ ಹರಳು ಉಗುಳುತ್ತವೆ.

ಕಾಫಿಗೆ ಈ ವಿದ್ಯೆ ಅಷ್ಟಾಗಿ ಗೊತ್ತಿಲ್ಲ. ಕಾಡಿನ ನೆರಳಿನ ಗಿಡ ಅದು. ಸುಂಟಿಕೊಪ್ಪದ ಸಸಿಯ ಚಿಗುರು ಸಣ್ಣಗೆ ಕಪ್ಪು ಹಸಿರಾಗಿದ್ದದ್ದು ನೀರಿಲ್ಲದೆ ಎಲೆ ಅಗಲವಾಗಲು ಆಗದೆ.

ಇನ್ನೊಂದು ಸಂಗತಿ. ನೀರು ಜೀವಕೋಶದ ಪೊರೆ ದಾಟಲು ಅದರಲ್ಲೇ ಸಣ್ಣ ಸಣ್ಣ ಕಾಲುವೆಗಳಿವೆ. ಅಕ್ವಾಪೊರಿನ್ ಅಂತ ಹೆಸರು. ಇದನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಉಪ್ಪು ತಗುಲಿದಾಗ ಬೇರು ಈ ಕಾಲುವೆಗಳಲ್ಲಿ ಎಷ್ಟನ್ನೋ ಮುಚ್ಚಿಕೊಳ್ಳುತ್ತದೆ. ಇದ್ದ ನೀರು ಹೊರಗೆ ಹೋಗದಿರಲಿ ಅಂತ ಇರಬಹುದು. ಆದರೆ ಬರುವ ನೀರಿಗೂ ಬಾಗಿಲು ಹಾಕಿದ ಹಾಗಾಯಿತು.

ಸುಂಟಿಕೊಪ್ಪ ಸಸಿಮಡಿ | ಮಾರ್ಚ್ 12, ರಾತ್ರಿ 9:30

ಗೋಣಿಕೊಪ್ಪ ಅಣ್ಣ ಬಂದಿದ್ದರು. ಕೆರೆಯ ನೀರು ಅಳೆದರೆ 0.06. ನಂತರ ಒಂದು ಚೀಲಕ್ಕೆ ಅರ್ಧ ಲೀಟರ್ ಹಾಕಿ, ಕೆಳಗೆ ತಟ್ಟೆ ಇಟ್ಟು ಬಸಿದ ನೀರು ಹಿಡಿದೆವು. ಚಹಾದ ಬಣ್ಣ. ಮೀಟರ್ ಅದ್ದಿದರೆ 9.99ಕ್ಕೆ ಹೋಗಿ ನಿಂತುಬಿಟ್ಟಿತು. ಅದಕ್ಕಿಂತ ಮೇಲೆ ಅದು ಓದುವುದಿಲ್ಲವಂತೆ. ಒಂದು ಪಾಲಿಗೆ ನಾಲ್ಕು ಪಾಲು ಕೆರೆ ನೀರು ಸೇರಿಸಿ ಅಳೆದೆವು, 3.1 ಬಂತು. ಅಂದರೆ 15ರ ಹತ್ತಿರ. ಅಣ್ಣ ಮೀಟರನ್ನು ಒರೆಸಿ ಒರೆಸಿ ಮೂರು ಸಲ ನೋಡಿದರು.

ನಂಬಿದ್ದೀರಾ ಅಣ್ಣ?

ಗೋಣಿಕೊಪ್ಪ ರೋಬಸ್ಟಾ | ಮಾರ್ಚ್ 12, ರಾತ್ರಿ 9:50

ನಂಬಿದೆ. ಊಟವೂ ಚೆನ್ನಾಗಿತ್ತು, ಅದಕ್ಕೆ ಜಾಸ್ತಿ ವಾದ ಮಾಡುವುದಿಲ್ಲ. ಆದರೆ ಮೇಷ್ಟ್ರ ಲೆಕ್ಕದಲ್ಲಿ 13 ಬಾರ್ ಇತ್ತು. ಇಸಿ 15 ಅಂದರೆ ಎಷ್ಟು ಬಾರ್?

ವಿರಾಜಪೇಟೆ ನಿವೃತ್ತ ಮೇಷ್ಟ್ರು | ಮಾರ್ಚ್ 13, ಬೆಳಗ್ಗೆ 7:00

ಇಸಿಯನ್ನು 0.36ರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ಐದೂವರೆ ಬಾರ್. ನನ್ನ ಲೆಕ್ಕಕ್ಕಿಂತ ಕಡಿಮೆ, ಅದು ಸಹಜ. ನೀವು ಅರ್ಧ ಲೀಟರ್ ಸುರಿದು ತೆಳು ಮಾಡಿದ್ದೀರಿ. ಸ್ವಲ್ಪ ಪೊಟ್ಯಾಷ್ ಜೇಡಿಗೆ ಅಂಟಿಕೊಂಡಿದೆ. ಒಂದಷ್ಟು ಮೇಲಿನ ಪುಡಿಯಲ್ಲಿತ್ತು, ಅದನ್ನು ಕೆರೆದು ತೆಗೆದಿದ್ದೀರಿ. ಅದೆಲ್ಲ ಆದ ಮೇಲೂ ಐದೂವರೆ! ಪೂರ್ತಿ ನೆನೆಸಿದ ಮಣ್ಣಿನಿಂದ ತೆಗೆದ ನೀರಿನ ಇಸಿ 4 ದಾಟಿದರೆ ಆ ಮಣ್ಣನ್ನು ಸವಳು ಅಂತ ಕರೆಯುತ್ತಾರೆ.

ಕುಶಾಲನಗರ ಶುಂಠಿ | ಮಾರ್ಚ್ 13, ಬೆಳಗ್ಗೆ 8:20

ಈಗ ನನಗೆ ಭಯ ಆಯಿತು. ನಮ್ಮ ಕಡೆ ಮಳೆ ಕಡಿಮೆ, ಬೋರ್‌ವೆಲ್ ನೀರು, ಗೊಬ್ಬರ ಜಾಸ್ತಿ. ಮೀಟರ್ ಇಲ್ಲದೆ ಗೊತ್ತಾಗುವುದು ಹೇಗೆ?

ನಾಪೋಕ್ಲು ಮೆಣಸಿನಬಳ್ಳಿ | ಮಾರ್ಚ್ 13, ಬೆಳಗ್ಗೆ 8:45

ಮಣ್ಣು ಆರೋಗ್ಯ ಕಾರ್ಡ್ ಮಾಡಿಸಿದ್ದೀರಲ್ಲ? 2015ರಲ್ಲಿ ಶುರುವಾದದ್ದು. ಅದರಲ್ಲಿ 12 ಅಂಶ ಇರುತ್ತವೆ. ನಾವೆಲ್ಲ ಸಾರಜನಕ, ರಂಜಕ, ಪೊಟ್ಯಾಷ್ ನೋಡಿ, ಪಿಎಚ್ ನೋಡಿ ಮಡಚಿಡುತ್ತೇವೆ. ಪಿಎಚ್ ಪಕ್ಕದಲ್ಲೇ ಇಸಿ ಅಂತ ಒಂದು ಸಾಲು ಇದೆ. 1ಕ್ಕಿಂತ ಕಡಿಮೆ ಇದ್ದರೆ ಚಿಂತೆ ಬೇಡ. ಇವತ್ತೇ ಹುಡುಕಿ ನೋಡಿ.

ಕುಶಾಲನಗರ ಶುಂಠಿ | ಮಾರ್ಚ್ 13, ರಾತ್ರಿ 7:10

ಅಕ್ಕಿ ಡಬ್ಬಿ ಕೆಳಗೆ ಸಿಕ್ಕಿತು. 0.21. ನೆಮ್ಮದಿ ಆಯಿತು. ಬೋರ್ ನೀರನ್ನು ಮಾತ್ರ ಬೇರೆ ಕೊಟ್ಟು ಪರೀಕ್ಷೆ ಮಾಡಿಸುತ್ತೇನೆ.

ಸುಂಟಿಕೊಪ್ಪ ಸಸಿಮಡಿ | ಮಾರ್ಚ್ 29, ಸಂಜೆ 6:15

ತಡವಾಗಿ ಬರೆಯುತ್ತಿದ್ದೇನೆ. ಎರಡು ಸಲ ತೊಳೆದಾಯಿತು. ನೀರಿಗೆ ಕೆರೆಯಿಂದ ಸ್ಪ್ರಿಂಕ್ಲರ್ ಪೈಪನ್ನೇ ಸಸಿಮಡಿಗೆ ತಿರುಗಿಸಿದೆ. ಎರಡನೇ ಸಲ ಬಸಿದ ನೀರು 1.4. ಮಧ್ಯದಲ್ಲಿ ನಾಲ್ಕು ದಿನ ಏನೂ ಬದಲಾಗಲಿಲ್ಲ, ಹೆಂಡತಿ ಇನ್ನು ಬಿಟ್ಟುಬಿಡಿ ಅಂದಳು. ಆರನೇ ದಿನ ಮಧ್ಯಾಹ್ನ 12ಕ್ಕೆ ಹೋಗಿ ನೋಡಿದರೆ ಒಳಗಿನ ಸಾಲುಗಳು ಜೋತು ಬಿದ್ದಿರಲಿಲ್ಲ.

140 ಸಸಿ ಹೋದವು. ಮಳೆ ಬಿದ್ದಿದ್ದ ಅಂಚಿನ ಸಾಲು ಹೆಚ್ಚೂಕಡಿಮೆ ಪೂರ್ತಿ ಹೋಯಿತು. ಸುಟ್ಟ ಎಲೆ ಹಾಗೇ ಇವೆ, ಅವು ಸರಿಯಾಗುವುದಿಲ್ಲ ಅಂತ ಕಾಣುತ್ತದೆ. ಇವತ್ತು ಒಂದು ಚೀಲ ಹರಿದೆ. ಬೇರಿನ ಬದಿಯಲ್ಲಿ ಬಿಳಿ ತುದಿಗಳು, ಅಕ್ಕಿ ಕಾಳಿನ ಮುರುಕಿನಷ್ಟು ಉದ್ದ.

ಒಂದು ಪ್ರಶ್ನೆ. ಜೂನ್‌ನಲ್ಲಿ ನೆಡುವಾಗ ಗುಂಡಿಗೆ ಡಿಎಪಿ ಗೊಬ್ಬರ ಹಾಕಬಹುದಾ?

ನಾಪೋಕ್ಲು ಮೆಣಸಿನಬಳ್ಳಿ | ಮಾರ್ಚ್ 29, ಸಂಜೆ 6:40

ಗುಂಡಿಗೆ ಕೊಟ್ಟಿಗೆ ಗೊಬ್ಬರ, ರಾಕ್ ಫಾಸ್ಫೇಟ್ ಸಾಕು. ನಮ್ಮ ಹುಳಿ ಮಣ್ಣಿನಲ್ಲಿ ಅದು ನಿಧಾನಕ್ಕೆ ಕರಗುತ್ತದೆ, ಹೊಸ ಬೇರಿಗೆ ಏನೂ ಮಾಡುವುದಿಲ್ಲ. ಉಳಿದದ್ದು ಗಿಡ ಹಿಡಿದ ಮೇಲೆ, ಬುಡದಿಂದ ದೂರ, ಮಳೆ ಇರುವಾಗ. ಪೊಟ್ಯಾಷ್ ಇನ್ನೂ ಉಳಿದಿದೆಯಾ?

ಸುಂಟಿಕೊಪ್ಪ ಸಸಿಮಡಿ | ಮಾರ್ಚ್ 29, ಸಂಜೆ 6:55

ಅರ್ಧ ಮೂಟೆ ಇದೆ ಅಕ್ಕ. ಮಾವ ಅದನ್ನು ಅಟ್ಟಕ್ಕೆ ಏರಿಸಿ ಏಣಿ ತೆಗೆದಿಟ್ಟಿದ್ದಾರೆ.